ನಲ್ಲಪ್ಪನ ಅಟ್ಟದ ಮೇಲಿನ ಜಾಡಿ

ನಲ್ಲಪ್ಪನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಒಂದೂ ಇರಲಿಲ್ಲ. ಇದು ನನ್ನ ಮಾತಲ್ಲ, ಅವನದೇ. ಮಹದೇವಪುರದ ಬಗಲಿಗಿರುವ ನಮ್ಮ ಹಳ್ಳಿಯ ಸುತ್ತ ಗಾಜಿನ ಆಫೀಸುಗಳು ಎದ್ದ ಮೇಲೆ, ರಾಗಿ ಬೆಳೆಯುತ್ತಿದ್ದವರೆಲ್ಲ ಮನೆಯ ಮೇಲೆ ಮನೆ ಕಟ್ಟಿ ಬಾಡಿಗೆಗೆ ಬಿಟ್ಟರು. ಬೇರೆಯವರು ಬಾಡಿಗೆದಾರರಿಂದ ಬಾಡಿಗೆ ಮಾತ್ರ ಪಡೆದರೆ ನಲ್ಲಪ್ಪ ಜ್ಞಾನವನ್ನೂ ವಸೂಲಿ ಮಾಡಿದ. ಒರಿಸ್ಸಾದ ಹುಡುಗರು ಒಂದು ವರ್ಷ ಇದ್ದು ಹೋದರು. ಆಮೇಲೆ ಪುರಿ ಜಗನ್ನಾಥನ ವಿಷಯದಲ್ಲಿ ನಮ್ಮ ಬೀದಿಯಲ್ಲಿ ನಲ್ಲಪ್ಪನ ಮಾತೇ ಕೊನೆಯ ಮಾತಾಯಿತು. ಪಂಜಾಬಿನವನೊಬ್ಬ ಆರು ತಿಂಗಳಿಗೇ ಖಾಲಿ ಮಾಡಿದ. ಅಷ್ಟರೊಳಗೆ ಗೋಧಿ ಬೇಸಾಯವನ್ನು ನಲ್ಲಪ್ಪ ಕರಗತ ಮಾಡಿಕೊಂಡಿದ್ದ.

ನಾನು ಎದುರು ಮನೆಯವನು. ನಮ್ಮ ಬೀದಿಯ ಅಗಲ ಎಷ್ಟೆಂದರೆ, ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತದೆ. ಆದ್ದರಿಂದ ಈ ಕಥೆಯಲ್ಲಿ ಕೇಳಿದ್ದು ಕಡಿಮೆ, ಕಂಡದ್ದೇ ಹೆಚ್ಚು.

ಎಲ್ಲ ತಿಳಿದ ನಲ್ಲಪ್ಪನಿಗೆ ಒಂದು ಕಾಲದಲ್ಲಿ ಕುಡಿಯುವುದೂ ಚೆನ್ನಾಗಿ ತಿಳಿದಿತ್ತು. ಅದನ್ನು ಬಿಡಿಸಿದವಳು ಅವನ ಹೆಂಡತಿ ಸೊಣ್ಣಮ್ಮ. ಅವಳು ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ಮಹಿಳಾ ಸಂಘ ಕಟ್ಟಿ, ಗಂಡಂದಿರನ್ನು ಒಬ್ಬೊಬ್ಬರಾಗಿ ಮುನೇಶ್ವರನ ಗುಡಿಗೆ ಎಳೆದೊಯ್ದು, ಒದ್ದೆ ಬಟ್ಟೆಯಲ್ಲಿ ನಿಲ್ಲಿಸಿ, ಇನ್ನು ಕುಡಿಯುವುದಿಲ್ಲವೆಂದು ಕರ್ಪೂರ ಮುಟ್ಟಿಸಿ ಆಣೆ ಮಾಡಿಸಿದಳು. ಮೊದಲು ನಿಂತವನು ನಲ್ಲಪ್ಪ. ಅಧ್ಯಕ್ಷೆಯ ಗಂಡನಾಗಿ ಬೇರೆ ದಾರಿ ಇರಲಿಲ್ಲ. ಸಂಘದ ನಿಯಮ ಕಟ್ಟುನಿಟ್ಟು: ಸದಸ್ಯರ ಮನೆಯ ಹೊಸ್ತಿಲೊಳಗೆ ಹೆಂಡ ಬಂದರೂ ತಪ್ಪು, ಗಂಡ ಕುಡಿದು ಬಂದರೂ ತಪ್ಪು. ಅಧ್ಯಕ್ಷೆಯ ಮನೆಯಲ್ಲೇ ಹಾಗಾದರೆ ಅವಳು ಆ ಜಾಗ ಬಿಟ್ಟು ಇಳಿಯಬೇಕು. ಸೊಣ್ಣಮ್ಮನಿಗೆ ಆ ಜಾಗವೆಂದರೆ ಪ್ರಾಣ. ಹುಟ್ಟಿದಾಗಿನಿಂದ ಇಂಥವರ ಮಗಳು, ಇಂಥವರ ಸೊಸೆ ಎನ್ನಿಸಿಕೊಂಡವಳನ್ನು ಬೀದಿ ಮೊದಲ ಸಲ ಅಧ್ಯಕ್ಷರೇ ಎಂದು ಕರೆದಿತ್ತು.

ಕುಡಿದವರನ್ನು ಪತ್ತೆ ಹಚ್ಚುವ ಕೆಲಸ ಮಾತ್ರ ಅವಳದಲ್ಲ. ಹಿಂದುಗಡೆ ಅಪಾರ್ಟ್‌ಮೆಂಟ್ ಕಟ್ಟಲು ಶುರುವಾದಾಗಿನಿಂದ ಸಿಮೆಂಟಿನ ಧೂಳಿಗೆ ಅವಳ ಮೂಗು ಕಟ್ಟಿಹೋಗಿತ್ತು. ಮಲ್ಲಿಗೆಗೂ ಮೋರಿಗೂ ಅವಳಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಸಂಘದ ಮೂಗು ಪಕ್ಕದ ಮನೆಯ ರಾಮಮ್ಮ. ಗಂಡಸರು ಅವಳ ಮುಂದೆ ಹಾದುಹೋಗುವಾಗ ಉಸಿರು ಬಿಗಿಹಿಡಿಯುತ್ತಿದ್ದರು, ಕುಡಿಯದವರೂ ಕೂಡ.

ಹೀಗಿರುವಾಗ ನವೆಂಬರ್ ಕೊನೆಗೆ, ಮೇಲಿನ ಮನೆಯ ಶೋಭಾರಾಣಿ ಒಂದು ಜಾಡಿ ಅಪ್ಪಿಕೊಂಡು ಕೆಳಗೆ ಬಂದಳು. ಅವಳು ಸ್ಕೂಲ್ ಟೀಚರು. ಗಂಡ ಕಂಪನಿ ಕೆಲಸದ ಮೇಲೆ ಪುಣೆಗೆ ಹೋಗಿದ್ದ. ಅವಳೂ ತಂಗಿಯ ಬಾಣಂತನಕ್ಕೆಂದು ಹಾಸನಕ್ಕೆ ಹೊರಟಿದ್ದಳು.

"ಅಂಕಲ್, ಒಂದು ಸಹಾಯ ಆಗ್ಬೇಕಿತ್ತು. ಕ್ರಿಸ್‌ಮಸ್ ಕೇಕಿಗೆ ಹಣ್ಣು ನೆನೆ ಹಾಕಿದ್ದೀನಿ. ವಾರಕ್ಕೊಂದ್ಸಲ ಸೌಟಲ್ಲಿ ತಿರುವಿಬಿಟ್ರೆ ಸಾಕು. ಇದರಲ್ಲಿರೋದು ಏನಂದ್ರೆ..."

"ಗೊತ್ತಮ್ಮ, ಗೊತ್ತು. ಕ್ರಿಸ್‌ಮಸ್ಸು ನಮಗೇನು ಹೊಸದಾ? ನಿಮಗಿಂತ ಮುಂಚೆ ಇದೇ ಮನೇಲಿ ಇಬ್ರು ಕ್ರಿಶ್ಚಿಯನ್ನರು ಇದ್ದು ಹೋಗವ್ರೆ."

"ಅಲ್ಲ ಅಂಕಲ್, ಆಂಟಿಗೂ ಒಂದು ಮಾತು ಹೇಳಿಬಿಡ್ತೀನಿ. ಸಂಘ ಅದೂ ಇದೂ ಅಂತ..."

"ನಿಮ್ಮ ಆಂಟಿಗೆ ನಾನು ಹೇಳ್ತೀನಿ. ನಿಮಗೆ ಬಸ್ಸಿಗೆ ಹೊತ್ತಾಯ್ತದೆ, ನೀವು ಹೊರಡಿ."

ಶೋಭಾರಾಣಿ ಜಾಡಿಯನ್ನು ಕೈಗೆ ಕೊಡುತ್ತ ದನಿ ತಗ್ಗಿಸಿದಳು. "ಹುಷಾರು ಅಂಕಲ್. ಆನೇಕಲ್ ಕಡೆಯಿಂದ ನಮ್ಮತ್ತೆ ಬರ್ತಿದ್ದಾರೆ. ಮದುವೆ ಆದ್ಮೇಲೆ ಮೊದಲನೇ ಸಲ ನಮ್ಮನೇಲಿ ಹಬ್ಬದೂಟ. ಕೇಕ್ ಕೆಟ್ರೆ ನಾನು ಕೆಟ್ಟೆ."

"ಕೇಕು ನಂದು ಅಂದ್ಕೊಳಿ," ಎಂದ ನಲ್ಲಪ್ಪ.

ಅವಳು ಹೋದ ಮೇಲೆ ಮುಚ್ಚಳ ತೆಗೆದ. ಒಳಗೆ ಒಣದ್ರಾಕ್ಷಿ, ಖರ್ಜೂರ, ಗೋಡಂಬಿ, ಕಿತ್ತಳೆ ಸಿಪ್ಪೆಯ ಹೋಳು ಎಲ್ಲ ಕಪ್ಪಗೆ ಮುಳುಗಿದ್ದವು. ಜೊತೆಗೆ ಹಳೆಯ ಗೆಳೆಯನೊಬ್ಬ ಹೆಗಲ ಮೇಲೆ ಕೈಯಿಟ್ಟ ಹಾಗೆ ಒಂದು ವಾಸನೆ ಬಂತು. ಎರಡು ವರ್ಷದ ಮೇಲೆ ಬಂದರೂ ನಲ್ಲಪ್ಪ ಗುರುತು ಹಿಡಿದ. ರಮ್ಮು.

ಕೊಟ್ಟ ಮಾತು ಒಂದು ಕಡೆ, ಸಂಘ ಇನ್ನೊಂದು ಕಡೆ. ಜಾಡಿ ಮನೆಯಲ್ಲಿದೆ ಎಂದು ತಿಳಿದರೆ ಸೊಣ್ಣಮ್ಮ ಅದನ್ನು ಮೋರಿಗೆ ಸುರಿಯುತ್ತಾಳೆ, ಟೀಚರಮ್ಮನ ಹಬ್ಬ ಹಾಳಾಗುತ್ತದೆ. ಸುರಿಯದೆ ಇಟ್ಟುಕೊಂಡರೆ ಸೊಣ್ಣಮ್ಮನ ಅಧ್ಯಕ್ಷಗಿರಿ ಹಾಳಾಗುತ್ತದೆ. ಹೆಂಡತಿಗೆ ಗೊತ್ತೇ ಆಗದಿದ್ದರೆ ಎರಡೂ ಉಳಿಯುತ್ತವೆ ಎಂದು ಅವನು ತೀರ್ಮಾನಿಸಿದ. ನಮ್ಮ ಬೀದಿಯ ಗಂಡಸರ ತೀರ್ಮಾನಗಳು ಸಾಮಾನ್ಯವಾಗಿ ಇಲ್ಲಿಗೇ ಬಂದು ನಿಲ್ಲುತ್ತವೆ. ಜಾಡಿ ಬಚ್ಚಿಡಲು ಜಾಡಿಗಳ ನಡುವೆಗಿಂತ ಒಳ್ಳೆಯ ಜಾಗ ಯಾವುದು? ಅಟ್ಟದ ಮೇಲೆ ಸೊಣ್ಣಮ್ಮನ ಉಪ್ಪಿನಕಾಯಿ ಜಾಡಿಗಳು ಸಾಲಾಗಿದ್ದವು. ಎಲ್ಲವೂ ಇದರ ಹಾಗೇ ಕಂದು ಕತ್ತು, ಬಿಳಿ ಹೊಟ್ಟೆ. ಅವುಗಳ ಹಿಂದೆ ಇದನ್ನೂ ಕೂರಿಸಿದ.

ಮೊದಲನೆಯ ವಾರ ಉಸಿರು ಬಿಗಿಹಿಡಿದು ತಿರುವಿದ. ಎರಡನೆಯ ವಾರ, ಕೆಟ್ಟಿದೆಯೋ ಏನೋ ಎಂಬ ಕರ್ತವ್ಯಪ್ರಜ್ಞೆಯಿಂದ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡ. ಕೆಟ್ಟಿರಲಿಲ್ಲ. ಒಂದೇ ದ್ರಾಕ್ಷಿಯಿಂದ ಇಡೀ ಜಾಡಿಯ ಯೋಗಕ್ಷೇಮ ಹೇಗೆ ತಿಳಿಯಬೇಕು? ಮೇಲಿನದು ಒಂದು, ನಡುವಿನದು ಒಂದು, ತಳದ್ದು ಒಂದು ಎಂದು ನೋಡಿದ. ಮಾಡಿದ ಆಣೆಯನ್ನೂ ನೆನಪು ಮಾಡಿಕೊಂಡ. ಮುನೇಶ್ವರನ ಮುಂದೆ ಹೇಳಿದ್ದು ಕುಡಿಯುವುದಿಲ್ಲ ಎಂದು. ಹಲ್ಲಿನ ಕೆಲಸದ ಬಗ್ಗೆ ಅಲ್ಲಿ ಮಾತೇ ಬಂದಿರಲಿಲ್ಲ.

ಮೂರನೆಯ ವಾರ ಪರೀಕ್ಷೆ ಒಂದು ಹಿಡಿಯಾಯಿತು. ಅದೇ ಸಂಜೆ ಸೊಣ್ಣಮ್ಮ, "ಮೂಗು ಬಿಡ್ತಾನೇ ಇಲ್ಲ ಕಣ್ರೀ, ಬಿಸಿನೀರಿಗೆ ಆಕೋ ಮಾತ್ರೆ ತಂದ್ಕೊಡಿ," ಎಂದಳು. ನಲ್ಲಪ್ಪ ಹಳೆಯ ಟಿವಿಎಸ್ ಹತ್ತಿ ಮಾರತ್ತಹಳ್ಳಿ ಕಡೆಗೆ ಹೊರಟ. ಮನಸ್ಸು ಹಗುರಾಗಿತ್ತು. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಹಾಡಿಕೊಂಡು ಹೋಗುವ ಮನುಷ್ಯನನ್ನು ಯಾರೂ ಕಂಡಿರಲಾರರು. ಹಾಗಾಗಿ ಪೊಲೀಸರು ಕೈ ಅಡ್ಡ ಹಾಕಿದರು.

"ಊದಿ ಯಜಮಾನ್ರೇ," ಎಂದು ಕಾನ್‌ಸ್ಟೇಬಲ್ ಮಿಷನ್ನು ಹಿಡಿದ.

ನಲ್ಲಪ್ಪ ಊದಿದ. ಮಿಷನ್ನು ಒಂದು ಸಲ ಕುಂಯ್ ಎಂದಿತು.

"ಎಷ್ಟು ತಗೊಂಡಿದ್ದೀರಿ?"

"ಒಂದು ಹಿಡಿ ಸಾರ್."

ಕಾನ್‌ಸ್ಟೇಬಲ್ ಅವನನ್ನೇ ನೋಡಿದ. "ಎಲ್ರೂ ಪೆಗ್ಗಲ್ಲಿ ಹೇಳ್ತಾರೆ. ನೀವೇನು ಹಿಡೀಲಿ ಹೇಳ್ತಿದ್ದೀರಿ?"

"ದ್ರಾಕ್ಷಿ ಸಾರ್. ಕುಡಿದಿಲ್ಲ, ಅಗಿದು ತಿಂದಿದ್ದು. ಬೇಕಾದ್ರೆ ಹಲ್ಲು ನೋಡಿ."

ಕಾನ್‌ಸ್ಟೇಬಲ್ ಮೇಲಿನವರನ್ನು ಕರೆದ. ಮೇಲಿನವರು ಬಂದು ಹಲ್ಲು ನೋಡಿದರು. ಒಂದು ಹಲ್ಲಿನಲ್ಲಿ ನಿಜಕ್ಕೂ ಒಣದ್ರಾಕ್ಷಿಯ ಸಿಪ್ಪೆ ಸಿಕ್ಕಿಕೊಂಡಿತ್ತು. ಮಿಷನ್ನಿನ ಲೆಕ್ಕವೂ ಕೇಸು ಹಾಕುವಷ್ಟು ಇರಲಿಲ್ಲ. "ಸರ್ವೀಸಲ್ಲಿ ಇಂಥ ಕೇಸು ಇದೇ ಮೊದಲು," ಎಂದು ಮೇಲಿನವರು ಕೈಮುಗಿದು, "ಗಾಡಿ ತಳ್ಕೊಂಡು ಹೋಗಿ ಸ್ವಾಮಿ. ಇನ್ಮೇಲೆ ಹಣ್ಣು ತಿಂದಾಗ ನಡೆದೇ ಓಡಾಡಿ," ಎಂದು ಕಳಿಸಿದರು.

ಇದಿಷ್ಟನ್ನೂ ಪಕ್ಕದ ಆಟೋದಲ್ಲಿ ಕೂತು ನೋಡಿದವನು ಮುನೀಂದ್ರ, ರಾಮಮ್ಮನ ಮಗ. ನಲ್ಲಪ್ಪ ಟಿವಿಎಸ್ ತಳ್ಳಿಕೊಂಡು ಬೀದಿಗೆ ಬರುವಷ್ಟರಲ್ಲಿ ಸುದ್ದಿ ಆಟೋದಲ್ಲಿ ಬಂದು, ಇಳಿದು, ಕಾಫಿ ಕುಡಿದು ಕೂತಿತ್ತು. ರಾಮಮ್ಮ ಬಾಗಿಲಲ್ಲೇ ಅಡ್ಡ ನಿಂತು ಮೂಗು ಚಾಚಿದಳು.

"ಕುಡಿದವನೆ," ಎಂದಳು.

"ಇಲ್ಲ," ಎಂದ ನಲ್ಲಪ್ಪ.

ಸೊಣ್ಣಮ್ಮನ ಕಣ್ಣು ಅವನ ಮುಖ ಬಿಡಲಿಲ್ಲ. "ಮುನೇಶ್ವರನಾಣೆ?"

"ಮುನೇಶ್ವರನಾಣೆ, ಒಂದು ತೊಟ್ಟು ಕುಡಿದಿಲ್ಲ."

"ಮತ್ತೆ ಆ ಮಿಷನ್ನು ಕೂಗಿದ್ದು ಯಾತಕ್ಕೆ?"

ಎಲ್ಲ ತಿಳಿದವನಿಗೆ ಉತ್ತರ ತಿಳಿದೂ ಹೇಳಲಾಗದಂಥ ಸ್ಥಿತಿ ಅದೇ ಮೊದಲ ಸಲ ಬಂದಿತ್ತು. ನಿಜ ಹೇಳಿದರೆ ಅಧ್ಯಕ್ಷೆಯ ಅಟ್ಟದ ಮೇಲೆ ರಮ್ಮು ಸಿಗುತ್ತದೆ. ಹೇಳದಿದ್ದರೆ ಅಧ್ಯಕ್ಷೆಯ ಗಂಡ ಕುಡುಕ. ಕುಡುಕನೆನ್ನಿಸಿಕೊಳ್ಳುವುದು ತನಗೆ ಹಳೆಯ ಅಭ್ಯಾಸವಾದ್ದರಿಂದ ಸುಮ್ಮನಿದ್ದ. ಸೊಣ್ಣಮ್ಮ ಆಮೇಲೆ ಬೈಯಲೂ ಇಲ್ಲ, ಅಳಲೂ ಇಲ್ಲ, ತಟ್ಟೆ ಮುಂದಿಟ್ಟು ಒಳಗೆ ಹೋದಳು. ಬೈಗುಳವಿಲ್ಲದ ಮುದ್ದೆ ಅವನಿಗೆ ಸಪ್ಪೆಯಾಯಿತು.

ಬರುವ ಭಾನುವಾರ ಅಧ್ಯಕ್ಷೆಯ ಮನೆಯಲ್ಲೇ ಸಂಘದ ಸಭೆ ಎಂದು ರಾಮಮ್ಮ ಸಾರಿದಳು. ವಿಚಾರಣೆ ನಲ್ಲಪ್ಪನದು; ತಪ್ಪೆಂದು ಕಂಡರೆ ಇಳಿಯಬೇಕಾದವಳು ಸೊಣ್ಣಮ್ಮ.

ಸಭೆಗೆ ಬಂದವರಿಗೆ ಊಟ ಹಾಕುವುದು ಸಂಘದ ಪದ್ಧತಿ. ಇದೇ ತನ್ನ ಕೊನೆಯ ಸಭೆಯೆಂದು ಸೊಣ್ಣಮ್ಮನಿಗೆ ಖಾತ್ರಿಯಾಗಿತ್ತು. ಹೋಗುವುದಾದರೆ ಹೆಂಗಸರ ಬಾಯಲ್ಲಿ ರುಚಿ ಬಿಟ್ಟು ಹೋಗೋಣವೆಂದು ದೊಡ್ಡ ಪಾತ್ರೆಯಲ್ಲಿ ಮೊಸರನ್ನ ಕಲೆಸಿದಳು. ನಲ್ಲಪ್ಪನನ್ನು ಕುರ್ಚಿ ತರಲು ಅಟ್ಟಿ, ಉಪ್ಪಿನಕಾಯಿಗೆಂದು ಅಟ್ಟ ಹತ್ತಿದಳು. ಹಿಂದುಗಡೆ ಅವಳಿಗೇ ನೆನಪಿಲ್ಲದ ಒಂದು ಜಾಡಿ ಸಿಕ್ಕಿತು. ತೆಗೆದು ನೋಡಿದರೆ ಕಪ್ಪಗಿನ ರಸ, ಅದರಲ್ಲಿ ಸಿಪ್ಪೆಯ ಹೋಳುಗಳು. ಬೇರೆ ಯಾರಾದರೂ ಆಗಿದ್ದರೆ ಮುಚ್ಚಳ ತೆಗೆದ ಕೂಡಲೇ ತಿಳಿಯುತ್ತಿತ್ತು. ಸೊಣ್ಣಮ್ಮನ ಮೂಗು ಅಪಾರ್ಟ್‌ಮೆಂಟಿನವರ ಪಾಲಾಗಿತ್ತು. ಕಣ್ಣಿನ ಸಾಕ್ಷಿ ನಂಬಿ, ಹೋದ ವರ್ಷ ಹಾಕಿದ ಹೇರಳೆಕಾಯಿ ಇದೆಂದುಕೊಂಡಳು.

"ಅಯ್ಯೋ, ಕಾರ ಆಕೋದೇ ಮರ್ತು ಮೇಲಿಟ್ಟಿವ್ನಲ್ಲ," ಎಂದು ಕೆನ್ನೆಗೆ ಬಡಿದುಕೊಂಡಳಂತೆ.

ಸೊಣ್ಣಮ್ಮ ಕೆಟ್ಟ ಉಪ್ಪಿನಕಾಯಿಯನ್ನು ಬದುಕಿಸುವುದರಲ್ಲಿ ಎತ್ತಿದ ಕೈ. ಉಪ್ಪು ಸುರಿದಳು, ಹುರಿದ ಮೆಂತ್ಯ ಸಾಸಿವೆ ಕುಟ್ಟಿ ಹಾಕಿದಳು, ಖಾರದ ಪುಡಿ ಧಾರಾಳವಾಗಿ ಬೆರೆಸಿದಳು. ಕೊನೆಗೆ ಇಂಗು ಬೆಳ್ಳುಳ್ಳಿಯ ಒಗ್ಗರಣೆ. ಆ ಒಗ್ಗರಣೆಗೆ ನಮ್ಮ ಮನೆಯಲ್ಲಿ ನಾಲ್ಕೂ ಜನ ಸೀನಿದೆವು. ಅದರ ಕೆಳಗೆ ರಮ್ಮಿನ ವಾಸನೆ ಇದೆಯೆಂದು ರಾಮಮ್ಮನ ಮೂಗಿಗೂ ತಿಳಿಯದಂತಾಯಿತು.

ಸಭೆ ಜಗುಲಿಯ ಮೇಲೆ ಸೇರಿತು. ನನ್ನ ಕಿಟಕಿ ಜಗುಲಿಗೆ ನೇರವಾಗಿತ್ತು, ನಾನು ಪೇಪರ್ ಓದುತ್ತಿದ್ದೆ. ಮೊದಲು ಊಟ, ಆಮೇಲೆ ವಿಚಾರಣೆ. ಆರೋಪಿಗೂ ಮೂಲೆಯಲ್ಲಿ ಎಲೆ ಹಾಕಿದ್ದರು.

ಸೊಣ್ಣಮ್ಮ ಸೌಟಿನಲ್ಲಿ ಉಪ್ಪಿನಕಾಯಿ ಬಡಿಸುತ್ತ ಬಂದಳು. ನಲ್ಲಪ್ಪ ಜಾಡಿ ನೋಡಿದ, ಸೌಟು ನೋಡಿದ, ಪಕ್ಕದವರ ಎಲೆಯ ಮೇಲಿನ ಒಣದ್ರಾಕ್ಷಿ ನೋಡಿದ. ಅವನ ಮುಖ ಬಿಳಿಚಿಕೊಂಡದ್ದು ನನಗೆ ಬೀದಿಯಾಚೆಯಿಂದ ಕಂಡಿತು.

"ನನಗೆ ಬೇಡ," ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ.

"ಯಾಕೆ?"

"ನಾನು... ನಾನು ವ್ರತದಲ್ಲಿದ್ದೀನಿ."

ಈ ಮನುಷ್ಯ ಪಶ್ಚಾತ್ತಾಪದಿಂದ ಉಪ್ಪಿನಕಾಯಿಯನ್ನೂ ಬಿಟ್ಟನಲ್ಲ ಎಂದು ಸೊಣ್ಣಮ್ಮನ ಕಣ್ಣು ತುಂಬಿತು. ಉಳಿದವರು ಏನೂ ಬಿಡಲಿಲ್ಲ. ಬಸಕ್ಕ ಎಂಬಾಕೆ ಸಂಘ ಹುಟ್ಟಿದಾಗಿನಿಂದ ಒಂದು ಸಭೆಯಲ್ಲೂ ತುಟಿ ಎರಡು ಮಾಡಿದವಳಲ್ಲ. ಎರಡನೆಯ ಸೌಟಿಗೆ ಆಕೆ, "ಸಿಹಿನೂ ಅದೆ, ಕಾರನೂ ಅದೆ, ಎದೇಲಿ ಬೆಚ್ಚಗೆ ಇಳೀತದೆ," ಎಂದು ಭಾಷಣ ಶುರು ಮಾಡಿದಳು. ಮೊಸರನ್ನ ಉಪ್ಪಿನಕಾಯಿಗೆ ನೆಪವಾಯಿತು. ರಾಮಮ್ಮ ಮೂರು ಸಲ ಹಾಕಿಸಿಕೊಂಡು ಸೆರಗಿನಿಂದ ಬೆವರು ಒರೆಸುತ್ತ ಎದ್ದು ನಿಂತಳು.

"ಈಗ ವಿಚಾರಣೆ. ನಮ್ಮ ಮುಂದೆ ಇರೋ ಆರೋಪ ಏನಪ್ಪಾ ಅಂದ್ರೆ," ಎಂದು ನಿಂತು, ಸುತ್ತ ನೋಡಿ, "ಏನದು ಆರೋಪ?" ಎಂದಳು.

"ನಲ್ಲಣ್ಣಂದು," ಎಂದು ಯಾರೋ ನೆನಪಿಸಿದರು.

"ಯಾವ ನಲ್ಲಣ್ಣ? ಓ, ಇವನಾ? ಒಳ್ಳೇವ್ನು ಕಣ್ರೇ ಪಾಪ." ರಾಮಮ್ಮ ಹೇಗೋ ನಡೆದು ಹೋಗಿ ನಲ್ಲಪ್ಪನ ಮುಖದ ಹತ್ತಿರ ಬಗ್ಗಿ ಮೂಸಿದಳು. "ಏನೂ ಇಲ್ಲ. ಮೊಸರು ವಾಸ್ನೆ ಬತ್ತದೆ. ಆದ್ರೆ ಇನ್ನೆಲ್ಲಿಂದಲೋ ಬತ್ತಾ ಅದೆ ಕಣ್ರೇ, ಬೋ ಹತ್ರದಲ್ಲೇ ಬತ್ತಾ ಅದೆ."

ಬಸಕ್ಕ ಅಷ್ಟರಲ್ಲಿ ಸೋಬಾನೆ ಪದ ಎತ್ತಿಕೊಂಡಿದ್ದಳು. ಸಭೆ ಚಪ್ಪಾಳೆ ತಟ್ಟುತ್ತಿತ್ತು. ಅದೇ ಹೊತ್ತಿಗೆ ಒಂದು ಆಟೋ ನಿಂತು, ಶೋಭಾರಾಣಿಯೂ ಗೋಣಿಚೀಲ ಹಿಡಿದ ಮುದುಕಿಯೊಬ್ಬರೂ ಇಳಿದರು. ಅವರೇ ಅತ್ತೆ ಆರೋಗ್ಯಮ್ಮ. ಅತ್ತೆಯನ್ನು ಮನೆಗೆ ಕರೆತಂದ ಸೊಸೆಯ ಕಣ್ಣು ನೇರ ಜಗುಲಿಯ ನಡುವಿನ ಜಾಡಿಯ ಮೇಲೆ ಬಿತ್ತು.

"ಅಂಕಲ್, ಅದು ನನ್ನ ಕೇಕಿನ ಹಣ್ಣಲ್ವಾ?"

ಸೋಬಾನೆ ನಿಂತಿತು. "ಹಣ್ಣಾ?" ಎಂದಳು ಸೊಣ್ಣಮ್ಮ. "ಹೇರಳೆಕಾಯಿ ಅಲ್ವಾ?"

"ರಮ್ಮಲ್ಲಿ ನೆನೆ ಹಾಕಿದ್ದೆ ಆಂಟಿ. ನಿಮಗೆ ಹೇಳ್ತೀನಿ ಅಂತ ಅಂಕಲ್ಲೇ ಅಂದಿದ್ರು."

ಆರೋಗ್ಯಮ್ಮ ಗೋಣಿಚೀಲ ಕೆಳಗಿಟ್ಟು, ಕೆಂಪೇರಿದ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದರು. "ಅಂಗಾದ್ರೆ ಈ ಮನೇಲಿ ಸದ್ಯಕ್ಕೆ ಮೈಮೇಲೆ ಗ್ಯಾನ ಇರೋರು ಮೂಲೇಲಿ ಕೂತಿರೋ ಯಜಮಾನ್ರು ಒಬ್ರೇನಾ?" ಎಂದರು.

ನಲ್ಲಪ್ಪ ಎದ್ದು ನಿಂತು ಎಲ್ಲವನ್ನೂ ಹೇಳಿದ. ತಿರುವಿದ್ದು, ಒಂದು ದ್ರಾಕ್ಷಿ, ಒಂದು ಹಿಡಿ, ಪೊಲೀಸರು, ಏನನ್ನೂ ಬಿಡಲಿಲ್ಲ. ಸೊಣ್ಣಮ್ಮ ಕೈಯಲ್ಲಿದ್ದ ಸೌಟನ್ನು ನೆಲದ ಮೇಲಿಟ್ಟಳು.

"ನನಗೊಂದು ಮಾತು ಏಳಬಾರ್ದಾಗಿತ್ತಾ?"

"ನಿನ್ನ ಅಧ್ಯಕ್ಷಗಿರಿ ಹೋಯ್ತದೆ ಅಂತ ಹೇಳಲಿಲ್ಲ ಕಣೆ."

"ಅದಕ್ಕೆ ಕುಡುಕ ಅನ್ನಿಸ್ಕೊಂಡು ಸುಮ್ನಿದ್ರಾ?" ಎಂದಳು ಸೊಣ್ಣಮ್ಮ. ಅವಳಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಸಂತೋಷವಾಗಿತ್ತು, ಎರಡನ್ನೂ ಒಂದೇ ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ಸಭೆಯ ಕಡೆ ತಿರುಗಿ, "ಇವರ ತಪ್ಪಿಗಿಂತ ನಂದೇ ದೊಡ್ಡದು. ಸಂಘಕ್ಕೆಲ್ಲ ನಾನೇ ಕುಡಿಸಿಬಿಟ್ಟೆ. ನಾನು ಇಳೀತೀನಿ," ಎಂದಳು.

"ಕೂತ್ಕೊಳಕ್ಕ ಸುಮ್ನೆ," ಎಂದಳು ರಾಮಮ್ಮ, ಕಂಬ ಹಿಡಿದುಕೊಂಡು. "ಯಾರು ಕುಡಿದ್ರು? ನಾವೆಲ್ಲ ಅಗಿದು ತಿಂದ್ವಿ. ಹೊಸ್ತಿಲೊಳಕ್ಕೆ ಬಂದಿದ್ದೂ ಹಣ್ಣು, ಹೆಂಡ ಅಲ್ಲ. ಮುನೇಶ್ವರನ ಮುಂದೆ ಅಗಿಯೋ ಮಾತು ಬಂದೇ ಇಲ್ಲ."

ಸಭೆ ಒಕ್ಕೊರಲಿನಿಂದ ಹೌದೆಂದಿತು. ಬಡಪಾಯಿ ನಲ್ಲಪ್ಪ ಇದೇ ವಾದವನ್ನು ಒಬ್ಬನೇ ಅಟ್ಟದ ಮೇಲೆ ಕಂಡುಹಿಡಿದಾಗ ಅದು ಕಳ್ಳ ನೆಪವಾಗಿತ್ತು. ಸಂಘದ ಬಾಯಲ್ಲಿ ಅದು ನಿಯಮವಾಯಿತು.

ಆದರೆ ಶೋಭಾರಾಣಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. "ಇನ್ನು ಹಣ್ಣು ನೆನೆಸೋಕೆ ಹೊತ್ತೆಲ್ಲಿದೆ? ಕೇಕಿಲ್ಲದ ಕ್ರಿಸ್‌ಮಸ್ ಆಯ್ತಲ್ಲ ಅತ್ತೆ."

"ಕೇಕು ಯಾರಿಗೆ ಬೇಕಿತ್ತು?" ಎಂದರು ಆರೋಗ್ಯಮ್ಮ.

"ನಿಮಗೇ ಅಂತ."

"ನನಗಾ? ಅದು ನನ್ನ ಹಲ್ಲಿಗೆ ಅಂಟ್ಕೊಂತದೆ ಕಣಮ್ಮ. ನೀನು ಓದಿರೋಳು, ಕೇಕು ಇಲ್ದಿದ್ರೆ ನಿನಗೆ ಅಬ್ಬ ಆಗಲ್ವೇನೋ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ. ನಮ್ಮೂರಲ್ಲಿ ಕ್ರಿಸ್‌ಮಸ್ ಅಂದ್ರೆ ಕಜ್ಜಾಯ." ಗೋಣಿಚೀಲ ಬಿಚ್ಚಿದರು. ಒಳಗೆ ಅಕ್ಕಿಯೂ ಬೆಲ್ಲದ ಅಚ್ಚುಗಳೂ ಇದ್ದವು. "ನಿನಗೆ ಬೇಜಾರಾಗದಂಗೆ ಎಂಗೆ ಏಳೋದು ಅಂತ ದಾರಿಯೆಲ್ಲ ಯೋಚ್ನೆ ಮಾಡ್ಕೊಂಡು ಬಂದೆ."

"ಕಜ್ಜಾಯಾನಾ?" ಎಂದಳು ಬಸಕ್ಕ. "ಅದು ನಮ್ ದೀಪಾವಳೀದಲ್ವಾ?"

"ನೀವು ದೀಪಾವಳೀಲಿ ಮಾಡ್ತೀರಿ, ನಾವು ಕ್ರಿಸ್‌ಮಸ್ಸಲ್ಲಿ ಮಾಡ್ತೀವಿ. ಬಾಣಲೆಗೇನು ಗೊತ್ತು?"

ಎಲ್ಲರೂ ತಿರುಗಿ ನಲ್ಲಪ್ಪನನ್ನು ನೋಡಿದರು. ಕ್ರಿಸ್‌ಮಸ್ಸನ್ನು ಅರೆದು ಕುಡಿದವನು ಅವನೇ ತಾನೆ.

"ಇದೂ ನನಗೆ ಗೊತ್ತಿತ್ತು," ಎಂದ ನಲ್ಲಪ್ಪ ಮೆಲ್ಲಗೆ. ಯಾರೂ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಮರುದಿನವೇ ಸೊಣ್ಣಮ್ಮನ ಮನೆಯಲ್ಲಿ ಅಕ್ಕಿ ನೆನೆಯಿತು. ಬೆಲ್ಲದ ಪಾಕ ಎಷ್ಟು ಗಟ್ಟಿಯಿರಬೇಕೆಂದು ಸೊಣ್ಣಮ್ಮನಿಗೂ ಆರೋಗ್ಯಮ್ಮನಿಗೂ ಜಗಳ ಹತ್ತಿ, ಪಾಕ ಕೈಮೀರುವಷ್ಟರಲ್ಲಿ ಇಬ್ಬರೂ ಅಕ್ಕತಂಗಿಯರಾದರು. ಹಿಟ್ಟು ಎರಡು ಮೂರು ದಿನ ಪಾಕದಲ್ಲಿ ಕೂತಿತು. ಆಮೇಲೆ ಇಡೀ ಸಂಘ ಬಂದು ತಟ್ಟಿತು, ಕರಿಯಿತು, ಎಣ್ಣೆ ಒತ್ತಿತು. ಶೋಭಾರಾಣಿ ತಟ್ಟಿದ ಕಜ್ಜಾಯ ಬಾಣಲೆಯಲ್ಲಿ ಒಡೆದುಹೋದಾಗ ಆರೋಗ್ಯಮ್ಮ ಅದನ್ನೇ ಮೊದಲು ಎತ್ತಿ ಬಾಯಿಗೆ ಹಾಕಿಕೊಂಡು, "ಇದು ಚೆನ್ನಾಗದೆ," ಎಂದರು. ಆ ಹುಡುಗಿಯ ಮುಖ ಅರಳಿದ್ದು ನೋಡಿ, ಕೇಕು ಹಾಳಾದದ್ದೇ ಒಳ್ಳೆಯದಾಯಿತೆಂದು ನನಗೂ ಅನ್ನಿಸಿತು.

ಆ ವರ್ಷ ಕ್ರಿಸ್‌ಮಸ್ ಶನಿವಾರ ಬಂದಿತ್ತು. ಶನಿವಾರ ನಮ್ಮ ಬೀದಿಯಲ್ಲಿ ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಹಂದಿ ಮಾಂಸದ ಸಾರು ಶೋಭಾರಾಣಿಯ ಅಡಿಗೆಮನೆಯಲ್ಲೇ, ಪುಣೆಯಿಂದ ಬಂದ ಗಂಡನ ಪಾಲಿಗೆ ಉಳಿಯಿತು. ತಾರಸಿಯ ಮೇಲೆ ಶಾಮಿಯಾನ ಕಟ್ಟಿ ಬೀದಿಗೆಲ್ಲ ಎಲೆ ಹಾಕಿದರು. ಹುಳಿ, ಚಿತ್ರಾನ್ನ, ಕಜ್ಜಾಯ, ಮೊಸರನ್ನ. ಕೊನೆಯಲ್ಲಿ ಸೊಣ್ಣಮ್ಮ ಅದೇ ಜಾಡಿ ಹೊತ್ತು ಬಂದಾಗ ಪಂಕ್ತಿಯಲ್ಲಿ ಒಂದು ಗುಜುಗುಜು ಎದ್ದಿತು. ಬಸಕ್ಕ ಹಾಡಿಗೆ ಗಂಟಲು ಸರಿಮಾಡಿಕೊಂಡಳು. ನನಗೂ ಒಂದು ಸೌಟು ಬಿತ್ತು. ಏನೇ ಹೇಳಿ, ಎದೆಯಲ್ಲಿ ಬೆಚ್ಚಗೆ ಇಳಿಯುತ್ತದೆ ಎಂದ ಬಸಕ್ಕನ ಮಾತು ಸುಳ್ಳಲ್ಲ.

ನನ್ನ ಪಕ್ಕದಲ್ಲೇ ನಲ್ಲಪ್ಪ ಕೂತಿದ್ದ. ಎಲೆಯ ಮೇಲೆ ಮೊಸರನ್ನವನ್ನು ಗುಡ್ಡೆ ಮಾಡಿ, ನಡುವೆ ಬೆರಳಿನಿಂದ ಒಂದು ಗುಳಿ ಮಾಡಿಟ್ಟುಕೊಂಡು ಕಾಯುತ್ತಿದ್ದ. ಈಗ ಅಗಿಯುವುದು ಸಂಘವೇ ಒಪ್ಪಿದ ವಿಷಯವಾಗಿತ್ತು. ಸೊಣ್ಣಮ್ಮ ಅವನ ಮುಂದೆ ಬಂದು ನಿಂತಳು. ಅವನು ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದ.

ಸೊಣ್ಣಮ್ಮ ಸೌಟನ್ನು ಜಾಡಿಯೊಳಗೇ ಬಿಟ್ಟು ಮುಂದಿನ ಎಲೆಗೆ ನಡೆದಳು.

"ನಿಮಗೆ ಬೇಡ ಬಿಡಿ," ಎಂದಳು. "ನೀವು ವ್ರತದಲ್ಲಿದ್ದೀರಲ್ಲ."